ಕೇಳದೆ ಕೊಡುವ ಸಲಹೆ, ಕಾಯಿಲೆ ಇರುವವರ ಕಡೆಯಿಂದ

ವರ್ಷಗಟ್ಟಲೆ ಕಾಡುವ ಕಾಯಿಲೆ ಅಥವಾ ಅಂಗವೈಕಲ್ಯ ಇರುವವರಿಗೆ ನಮ್ಮಲ್ಲಿ ಸಲಹೆ ಕೊಡದವರೇ ಇಲ್ಲ. ಮದುವೆ ಮನೆ, ಬಸ್ಸು, ಆಫೀಸಿನ ಕ್ಯಾಂಟೀನು, ಡಾಕ್ಟರ್ ಶಾಪಿನ ಬೆಂಚು, ಎಲ್ಲಿ ಕೂತರೂ ಯಾರೋ ಒಬ್ಬರು ಕೈ ನೋಡುತ್ತಾರೆ, ನಡಿಗೆ ನೋಡುತ್ತಾರೆ, ಆಮೇಲೆ ಶುರು ಮಾಡುತ್ತಾರೆ. "ಅಮೃತಬಳ್ಳಿ ಕಷಾಯ ಕುಡೀರಿ." "ಬದನೆಕಾಯಿ ಬಿಟ್ಬಿಡಿ, ಅದು ನಂಜು." "ನಮ್ಮೂರ ಹತ್ರ ಒಬ್ರು ಪುಡಿ ಕೊಡ್ತಾರೆ, ಮೂರೇ ದಿನ ಸಾಕು." "ಇಂಗ್ಲಿಷ್ ಔಷಧಿ ಜಾಸ್ತಿ ತಗೋಬೇಡಿ, ಕಿಡ್ನಿ ಹೋಗುತ್ತೆ."

ನನಗೆ ರುಮಟಾಯ್ಡ್ ಆರ್ಥ್ರೈಟಿಸ್ ಇದೆ. ಡಾಕ್ಟರುಗಳು ಚಿಕ್ಕದಾಗಿ ಆರ್‌ಎ ಅನ್ನುತ್ತಾರೆ. ಮೇಲಿನ ಸಲಹೆಗಳನ್ನೆಲ್ಲ ನಾನು ಕೇಳಿದ್ದೇನೆ, ನನ್ನಂಥವರೆಲ್ಲರೂ ಕೇಳಿದ್ದಾರೆ. ಹೇಳುವವರಲ್ಲಿ ಹೆಚ್ಚಿನವರ ಮನಸ್ಸು ಒಳ್ಳೆಯದೇ. ಆದರೂ ಈ ಸಲಹೆಗಳಿಂದ ಕಾಯಿಲೆಯವರ ಮೈಗೂ ಮನಸ್ಸಿಗೂ ನಿಜವಾದ ಪೆಟ್ಟು ಬೀಳುತ್ತದೆ. ಅದು ಹೇಗೆ ಅಂತ ಬಿಡಿಸಿ ಹೇಳಬೇಕು ಅನ್ನಿಸಿತು. ನನಗೆ ಚೆನ್ನಾಗಿ ಗೊತ್ತಿರುವುದು ಆರ್‌ಎ, ಹಾಗಾಗಿ ಅದನ್ನೇ ಮುಂದಿಟ್ಟುಕೊಂಡು ಹೇಳುತ್ತೇನೆ.

ನಮ್ಮ ಮೈಯಲ್ಲಿ ರೋಗಾಣುಗಳ ವಿರುದ್ಧ ಹೋರಾಡುವ ಒಂದು ವ್ಯವಸ್ಥೆ ಇದೆ. ಆರ್‌ಎ ಇರುವವರಲ್ಲಿ ಅದು ದಾರಿ ತಪ್ಪಿ, ಕೀಲುಗಳ ಒಳಪೊರೆಯ ಮೇಲೇ ತಿರುಗಿ ಬೀಳುತ್ತದೆ. ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ. ಒಳಪೊರೆ ಊದಿಕೊಳ್ಳುತ್ತದೆ, ಆಮೇಲೆ ಪಕ್ಕದ ಮೂಳೆಯನ್ನು ಕೊರೆಯುತ್ತದೆ. ಸಾಮಾನ್ಯವಾಗಿ ಬೆರಳಿನ ಗೆಣ್ಣು, ಮಣಿಕಟ್ಟು, ಪಾದದ ಸಣ್ಣ ಕೀಲುಗಳಲ್ಲಿ ಶುರುವಾಗುತ್ತದೆ, ಅದೂ ಎರಡೂ ಕಡೆ ಒಟ್ಟಿಗೆ. ಗಂಡಸರಿಗಿಂತ ಹೆಂಗಸರಲ್ಲಿ ಎರಡು ಮೂರು ಪಟ್ಟು ಜಾಸ್ತಿ. ಮೂವತ್ತು ನಲವತ್ತರ ವಯಸ್ಸಿನಲ್ಲೂ ಬರುತ್ತದೆ. ಕಾಯಿಲೆ ಜೋರಾಗಿರುವಾಗ ಬೆಳಿಗ್ಗೆ ಎದ್ದ ಮೇಲೆ ಒಂದು ಗಂಟೆಯಾದರೂ ಬೆರಳು ಮಡಚಲು ಬರುವುದಿಲ್ಲ. ಹಾಲಿನ ಪ್ಯಾಕೆಟ್ ಕತ್ತರಿಸಲು ಕತ್ತರಿ ಹಿಡಿಯಲಾಗದು, ಕುಕ್ಕರ್ ಮುಚ್ಚಳ ತಿರುಗಿಸಲಾಗದು, ರವಿಕೆಯ ಹುಕ್ಕು ಹಾಕಲು ಮಗಳನ್ನು ಕರೆಯಬೇಕು. ಹನ್ನೊಂದು ಗಂಟೆಯ ಹೊತ್ತಿಗೆ ಅದೇ ಕೈಯಲ್ಲಿ ಪೆನ್ನು ಹಿಡಿದು ಕೆಲಸ ಮಾಡಬಹುದು. ನೋಡುವವರಿಗೆ ಕಾಣುವುದು ಈ ಹನ್ನೊಂದು ಗಂಟೆಯ ಕೈ ಮಾತ್ರ. "ನೋಡೋಕೆ ಚೆನ್ನಾಗೇ ಇದ್ದೀಯಲ್ಲ" ಎಂಬ ಮಾತು ಹುಟ್ಟುವುದು ಅಲ್ಲಿಂದ.

ವಯಸ್ಸಾದ ಮೇಲೆ ಬರುವ ಮಂಡಿ ಸವೆತ ಬೇರೆ ಕಾಯಿಲೆ. ಅದು ಮುಖ್ಯವಾಗಿ ಮೃದ್ವಸ್ಥಿ, ಅಂದರೆ ಕೀಲಿನಲ್ಲಿ ಮೂಳೆಯ ತುದಿಗೆ ಇರುವ ನುಣುಪಾದ ಪದರ, ಸವೆಯುವುದು. ತೂಕ ಇಳಿಸಿದರೆ, ತೊಡೆಯ ಸ್ನಾಯು ಗಟ್ಟಿ ಮಾಡಿಕೊಂಡರೆ ಬಹಳ ಜನಕ್ಕೆ ಅನುಕೂಲ ಆಗುತ್ತದೆ. ಚಿಕುನ್‌ಗುನ್ಯಾದ ಕೀಲುನೋವು ಮತ್ತೂ ಬೇರೆ. 2006ರಲ್ಲಿ ನಮ್ಮ ರಾಜ್ಯದಲ್ಲಿ ಚಿಕುನ್‌ಗುನ್ಯಾ ಹೇಗೆ ಹಬ್ಬಿತ್ತು ಅಂತ ಹಳ್ಳಿಯವರನ್ನು ಕೇಳಿದರೆ ಹೇಳುತ್ತಾರೆ. ಆ ವರ್ಷ ಕರ್ನಾಟಕ ಒಂದರಲ್ಲೇ ಏಳು ಲಕ್ಷಕ್ಕೂ ಹೆಚ್ಚು ಶಂಕಿತ ಪ್ರಕರಣಗಳು ದಾಖಲಾದವು. ಮನೆಮಂದಿಯೆಲ್ಲ ಗೋಡೆ ಹಿಡಿದು ನಡೆದರು. ಹೆಚ್ಚಿನವರಿಗೆ ಕೆಲವು ವಾರಗಳಲ್ಲಿ, ಇನ್ನು ಕೆಲವರಿಗೆ ತಿಂಗಳುಗಳಲ್ಲಿ ನೋವು ತಾನಾಗಿಯೇ ಇಳಿಯಿತು. ಆ ತಿಂಗಳುಗಳಲ್ಲಿ ಜನ ಸುಮ್ನೆ ಕೂತಿರಲಿಲ್ಲ ಅಲ್ವಾ. ಯಾರೋ ಕಷಾಯ ಕುಡಿದರು, ಯಾರೋ ಎಣ್ಣೆ ಹಚ್ಚಿದರು, ಯಾರೋ ದೇವರಿಗೆ ಹರಕೆ ಹೊತ್ತರು. ನೋವು ಹೋದಾಗ ಕೈಯಲ್ಲಿ ಯಾವ ಔಷಧಿ ಇತ್ತೋ ಅದಕ್ಕೆ ಹೆಸರು ಬಂತು. ಅವರೆಲ್ಲ ಇವತ್ತು ನನ್ನ ಕೈ ನೋಡಿ "ನನಗೂ ಹೀಗೇ ಇತ್ತು, ಇದರಿಂದ ಹೋಯ್ತು" ಅನ್ನುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ. ಅವರಿಗೆ ನೋವಿದ್ದದ್ದು ನಿಜ, ಹೋದದ್ದೂ ನಿಜ. ಆದರೆ ಅವರಿಗಿದ್ದ ಕಾಯಿಲೆ ನನ್ನದಲ್ಲ.

ಕಾಯಿಲೆ ಒಂದೇ ಆಗಿದ್ದರೂ ಇಲ್ಲಿ ಒಂದು ತೊಡಕಿದೆ. ಇದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು, ಯಾಕೆಂದರೆ "ಅವರಿಗೆ ವಾಸಿಯಾಯ್ತಂತೆ" ಎಂಬ ಮಾತುಗಳಲ್ಲಿ ಹೆಚ್ಚಿನವು ಬರುವುದು ಇದರಿಂದಲೇ. ಆರ್‌ಎ ದಿನವೂ ಒಂದೇ ತರಹ ಇರುವುದಿಲ್ಲ. ಕೆಲವು ವಾರ ಉಲ್ಬಣಿಸುತ್ತದೆ, ಕೆಲವು ವಾರ ತಣ್ಣಗಿರುತ್ತದೆ. ಮೆದುಳು, ಬೆನ್ನುಹುರಿಯ ನರಗಳನ್ನು ಕಾಡುವ ಮಲ್ಟಿಪಲ್ ಸ್ಕ್ಲೆರೋಸಿಸ್, ಮೈಯ ಹಲವು ಅಂಗಗಳನ್ನು ಕಾಡುವ ಲೂಪಸ್, ಕೆಲವು ಬಗೆಯ ಫಿಟ್ಸು, ಎಲ್ಲದರದೂ ಇದೇ ಏರಿಳಿತ. ಮನುಷ್ಯ ಹೊಸ ಔಷಧಿ ಹುಡುಕಿಕೊಂಡು ಹೋಗುವುದು ಯಾವಾಗ? ನೋವು ಕಡಿಮೆ ಇದ್ದಾಗ ಯಾರೂ ಹೋಗುವುದಿಲ್ಲ. ತಡೆಯಲಾಗದಷ್ಟು ಏರಿದಾಗ ಹೋಗುತ್ತಾರೆ. ತುತ್ತತುದಿಗೆ ಏರಿದ ನೋವು ಬಹಳ ಸಲ ಏನೂ ಮಾಡದಿದ್ದರೂ ಸ್ವಲ್ಪ ಇಳಿಯುತ್ತದೆ. ಅದೇ ವಾರ ಬಾಯಿಗೆ ಹಾಕಿಕೊಂಡ ಪುಡಿಗೆ ಆ ಹೆಸರು ಹೋಗುತ್ತದೆ. ಔಷಧಿ ಪರೀಕ್ಷಿಸುವ ವಿಜ್ಞಾನಿಗಳು ಒಂದು ಗುಂಪಿಗೆ ನಿಜವಾದ ಮಾತ್ರೆ, ಇನ್ನೊಂದು ಗುಂಪಿಗೆ ಔಷಧಿಯೇ ಇಲ್ಲದ ಮಾತ್ರೆ ಕೊಟ್ಟು ಹೋಲಿಸುವುದು ಇದಕ್ಕೇ. ಔಷಧಿ ಇಲ್ಲದ ಮಾತ್ರೆ ನುಂಗಿದವರಲ್ಲೂ ಒಂದಷ್ಟು ಜನ "ವಾಸಿ ಅನ್ನಿಸ್ತಿದೆ" ಅನ್ನುತ್ತಾರೆ. ಅವರಿಗಿಂತ ಎಷ್ಟು ಜಾಸ್ತಿ ಜನಕ್ಕೆ ಗುಣ ಕಂಡಿತು ಅನ್ನುವುದೇ ಲೆಕ್ಕ. ಪಕ್ಕದ ಬೀದಿಯ ಒಬ್ಬರ ಕತೆಯಲ್ಲಿ ಹೋಲಿಸಲು ಎರಡನೇ ಗುಂಪೇ ಇರುವುದಿಲ್ಲ. ಜೊತೆಗೆ, ಅದೇ ಪುಡಿ ತಿಂದು ಏನೂ ಆಗದೆ ಸುಮ್ಮನಾದವರು ಊರೂರು ತಿರುಗಿ ಆ ಸುದ್ದಿ ಹೇಳುವುದಿಲ್ಲ. ನಮ್ಮ ಕಿವಿಗೆ ಬೀಳುವುದು ಗೆದ್ದವರ ಕತೆ ಮಾತ್ರ.

ಇನ್ನು ಸಲಹೆಯಿಂದ ಮೈಗೆ ಆಗುವ ಹಾನಿ. ಆರ್‌ಎಗೆ ಬಹಳ ಜನ ತೆಗೆದುಕೊಳ್ಳುವ ಮುಖ್ಯ ಮಾತ್ರೆ ಮೆಥೋಟ್ರೆಕ್ಸೇಟ್. ಯಾರಾದರೂ ನೆಂಟರು ಆ ಹೆಸರನ್ನು ಮೊಬೈಲಿನಲ್ಲಿ ಹುಡುಕಿದರೆ ಮೊದಲು ಕಾಣುವುದು ಕ್ಯಾನ್ಸರ್ ಎಂಬ ಪದ. "ಅಯ್ಯೋ, ಇದು ಕ್ಯಾನ್ಸರ್ ಮಾತ್ರೆ, ನಿಲ್ಲಿಸು" ಎಂಬ ಫೋನು ಬರುತ್ತದೆ. ಕ್ಯಾನ್ಸರಿಗೆ ಅದನ್ನು ಕೊಡುವುದು ನಿಜ, ಅಲ್ಲಿ ಪ್ರಮಾಣ ಎಷ್ಟೋ ಪಟ್ಟು ಹೆಚ್ಚು. ಆರ್‌ಎಗೆ ವಾರಕ್ಕೆ ಒಂದೇ ದಿನ, ಸಾಮಾನ್ಯವಾಗಿ 7.5ರಿಂದ 25 ಮಿಲಿಗ್ರಾಂ. ಅಮೆರಿಕದಲ್ಲಿ 1988ರಲ್ಲಿ ಇದಕ್ಕೆ ಆರ್‌ಎ ಔಷಧಿಯಾಗಿ ಒಪ್ಪಿಗೆ ಸಿಕ್ಕಿತು, ಇವತ್ತಿಗೂ ಪ್ರಪಂಚದಾದ್ಯಂತ ಆರ್‌ಎಗೆ ಮೊದಲು ಕೊಡುವ ಔಷಧಿ ಇದೇ. ಜೊತೆಗೆ ಫೋಲಿಕ್ ಆಮ್ಲದ ಮಾತ್ರೆ ಕೊಡುತ್ತಾರೆ, ಆಗಾಗ ರಕ್ತ ಪರೀಕ್ಷೆ ಮಾಡಿ ಲಿವರ್ ನೋಡುತ್ತಾರೆ. ನನಗೆ ತುಂಬ ಇಷ್ಟವಾದ ಒಂದು ಸಂಗತಿ ಇಲ್ಲಿದೆ: ಫೋಲಿಕ್ ಆಮ್ಲವನ್ನು ತಯಾರಿಸುವ ದಾರಿ ಕಂಡುಹಿಡಿದದ್ದೂ, ಮೆಥೋಟ್ರೆಕ್ಸೇಟ್ ರೂಪಿಸಿದ್ದೂ ಅಮೆರಿಕದ ಲೆಡರ್ಲೆ ಪ್ರಯೋಗಾಲಯದಲ್ಲಿ ಯಲ್ಲಾಪ್ರಗಡ ಸುಬ್ಬರಾವ್ ನಡೆಸುತ್ತಿದ್ದ ತಂಡ. ಅವರು 1895ರಲ್ಲಿ ಆಂಧ್ರದ ಭೀಮಾವರಂನಲ್ಲಿ ಹುಟ್ಟಿದವರು. "ಇಂಗ್ಲಿಷ್ ಔಷಧಿ" ಅಂತ ನಾವು ದೂರ ಇಡುವ ಮಾತ್ರೆಯ ಹಿಂದೆ ಪಕ್ಕದ ರಾಜ್ಯದ ಒಬ್ಬರ ದುಡಿಮೆ ಇದೆ.

ಆ ಫೋನಿನ ಮಾತು ಕೇಳಿ ಮಾತ್ರೆ ನಿಲ್ಲಿಸಿದರೆ ಏನಾಗುತ್ತದೆ? ಮೊದಲ ವಾರ ಏನೂ ಆಗುವುದಿಲ್ಲ. ಅಪಾಯ ಇರುವುದೇ ಅಲ್ಲಿ. "ನೋಡು, ಬಿಟ್ಟರೂ ಏನೂ ಆಗಲಿಲ್ಲ" ಅನ್ನಿಸುತ್ತದೆ. ಒಳಗೆ ಉರಿಯೂತ ಮತ್ತೆ ಏರುತ್ತಿರುತ್ತದೆ. ಆರ್‌ಎಯಲ್ಲಿ ಮೂಳೆ ಸವೆತ ಬಹಳ ಜನಕ್ಕೆ ಮೊದಲ ಎರಡು ವರ್ಷಗಳಲ್ಲೇ ಶುರುವಾಗುತ್ತದೆ, ಸವೆದ ಮೂಳೆ ಮೊದಲಿನ ಹಾಗೆ ಆಗುವುದಿಲ್ಲ. ಒಂದು ವರ್ಷ ಕಷಾಯ, ಇನ್ನೊಂದು ವರ್ಷ ಎಣ್ಣೆ ಅಂತ ಕಳೆದುಹೋದ ಕಾಲದ ಬೆಲೆಯನ್ನು ಸೊಟ್ಟಗಾದ ಬೆರಳುಗಳು ಕಟ್ಟುತ್ತವೆ. ಇದರ ಉಲ್ಟಾ ಸಲಹೆಯೂ ಇದೆ: "ವಾರಕ್ಕೊಂದು ಯಾವ ಲೆಕ್ಕ, ದಿನಾ ಒಂದು ತಗೋ, ಬೇಗ ವಾಸಿಯಾಗುತ್ತೆ." ವಾರದ ಮೆಥೋಟ್ರೆಕ್ಸೇಟನ್ನು ದಿನಾ ನುಂಗಿದರೆ ರಕ್ತಕಣಗಳು ಕುಸಿಯುತ್ತವೆ. ಅದರಿಂದ ಜೀವ ಹೋದವರಿದ್ದಾರೆ.

ಅಮೃತಬಳ್ಳಿಯ ವಿಷಯಕ್ಕೆ ಬರೋಣ. ಕೊರೊನಾ ಕಾಲದಲ್ಲಿ ಅದು ಮನೆಮನೆಯ ಕಷಾಯ ಆಯಿತು, ಇಮ್ಯುನಿಟಿ ಹೆಚ್ಚುತ್ತದೆ ಅಂತ. ಆದರೆ ಆರ್‌ಎ ಇರುವವರಲ್ಲಿ ದಾರಿ ತಪ್ಪಿರುವುದು ಆ ಇಮ್ಯುನಿಟಿಯೇ. ನಮ್ಮ ಮಾತ್ರೆಗಳೆಲ್ಲ ಅದನ್ನು ತಗ್ಗಿಸಲು ಇರುವವು. ಅದನ್ನು ಏರಿಸುತ್ತೇನೆ ಅನ್ನುವ ಕಷಾಯವನ್ನು ನಮಗೆ ಕೊಡುವುದು ಸಲಹೆಯ ಲೆಕ್ಕದಲ್ಲೇ ತಪ್ಪು. 2021ರಲ್ಲಿ ಮುಂಬೈನ ವೈದ್ಯರು ಅಮೃತಬಳ್ಳಿ ಸೇವಿಸಿದ ಕೆಲವರಲ್ಲಿ ಲಿವರ್ ಕೆಟ್ಟಿದ್ದನ್ನು ವರದಿ ಮಾಡಿದರು. 2022ರಲ್ಲಿ ದೇಶದ 13 ಕೇಂದ್ರಗಳಿಂದ ಇಂಥ 43 ಜನರ ವಿವರ ಪ್ರಕಟವಾಯಿತು. ಅದರಲ್ಲಿ ಕಂಡದ್ದು, ದೇಹ ತನ್ನ ಲಿವರನ್ನೇ ತಾನು ಹೊಡೆಯುವ ತರಹದ ಹೆಪಟೈಟಿಸ್. ಬೇರೆ ಜಾತಿಯ ಬಳ್ಳಿಯನ್ನು ತಪ್ಪಾಗಿ ಗುರುತಿಸಿರಬಹುದು ಎಂದು ಆಯುಷ್ ಸಚಿವಾಲಯ ತಕರಾರು ತೆಗೆಯಿತು. ಕುಡಿದವರಿಗೆಲ್ಲ ಹೀಗಾಗುತ್ತದೆ ಅಂತ ನಾನು ಹೇಳುತ್ತಿಲ್ಲ. ಆದರೆ ಲಿವರ್ ಮೇಲೆ ಕಣ್ಣಿಟ್ಟು ಮೆಥೋಟ್ರೆಕ್ಸೇಟ್ ನುಂಗುತ್ತಿರುವವರಿಗೆ, ಆ ವಿಷಯ ಏನೂ ತಿಳಿಯದೆ "ಗಿಡಮೂಲಿಕೆ ತಾನೇ, ಏನೂ ಆಗಲ್ಲ" ಅನ್ನುವುದು ಸರಿಯಲ್ಲ.

ಎಲ್ಲಕ್ಕಿಂತ ಅಪಾಯದ್ದು ಆ "ಮೂರೇ ದಿನ"ದ ಪುಡಿ. ಅದನ್ನು ಅರ್ಥ ಮಾಡಿಕೊಳ್ಳಲು 1948ಕ್ಕೆ ಹೋಗಬೇಕು. ಅಮೆರಿಕದ ಮೇಯೊ ಕ್ಲಿನಿಕ್‌ನಲ್ಲಿ ಫಿಲಿಪ್ ಹೆಂಚ್ ಎಂಬ ವೈದ್ಯರು ಆರ್‌ಎಯಿಂದ ಹಾಸಿಗೆ ಹಿಡಿದಿದ್ದ 29 ವರ್ಷದ ಮಹಿಳೆಗೆ ಒಂದು ಹೊಸ ಚುಚ್ಚುಮದ್ದು ಕೊಟ್ಟರು. ಕೆಲವೇ ದಿನಗಳಲ್ಲಿ ಆಕೆ ಎದ್ದು ನಡೆದರು, ಪೇಟೆಗೂ ಹೋಗಿ ಬಂದರು. ಆ ಔಷಧಿ ಕಾರ್ಟಿಸೋನ್, ಅಂದರೆ ಸ್ಟೀರಾಯ್ಡ್. ಎರಡೇ ವರ್ಷದಲ್ಲಿ, 1950ರಲ್ಲಿ, ಹೆಂಚ್ ಮತ್ತು ಇನ್ನಿಬ್ಬರಿಗೆ ನೊಬೆಲ್ ಪ್ರಶಸ್ತಿ ಬಂತು. ಆದರೆ ಜಾಸ್ತಿ ದಿನ ಜಾಸ್ತಿ ಪ್ರಮಾಣದಲ್ಲಿ ಕೊಟ್ಟಾಗ ಏನಾಗುತ್ತದೆ ಅನ್ನುವುದೂ ಬೇಗನೆ ಕಂಡಿತು. ಮುಖ ಊದಿ ದುಂಡಗಾಗುತ್ತದೆ, ಸಕ್ಕರೆ ಮತ್ತು ಬಿಪಿ ಏರುತ್ತವೆ, ಮೂಳೆ ಟೊಳ್ಳಾಗುತ್ತದೆ, ಸೋಂಕು ಸುಲಭವಾಗಿ ತಗಲುತ್ತದೆ. ಅದಕ್ಕೇ ಇವತ್ತು ಡಾಕ್ಟರು ಸ್ಟೀರಾಯ್ಡನ್ನು ಅಳೆದು ತೂಗಿ ಕೊಡುತ್ತಾರೆ, ಸಾಧ್ಯವಾದಷ್ಟು ಬೇಗ ಇಳಿಸುತ್ತಾರೆ. ಕೀಲುನೋವಿಗೆ ಕೊಡುವ ಹೆಸರಿಲ್ಲದ ಪುಡಿ, ಗುಳಿಗೆಗಳನ್ನು ಪರೀಕ್ಷೆ ಮಾಡಿದಾಗ ಅವುಗಳಲ್ಲಿ ಸ್ಟೀರಾಯ್ಡ್ ಬೆರೆಸಿದ್ದು ಸಿಕ್ಕಿರುವುದು ಹೊಸದಲ್ಲ. ಮೂರು ದಿನದಲ್ಲಿ ಎದ್ದು ಓಡಾಡುವ ಹಾಗೆ ಮಾಡಿದ ಪುಡಿಯ ಬಗ್ಗೆ ಮೊದಲು ಅನುಮಾನ ಪಡಬೇಕಾದ್ದು ಅದನ್ನೇ. ಹೇಳಿದವರಿಗೆ ಅದು ಗೊತ್ತಿರುವುದಿಲ್ಲ. ತಿಂದವರು ಎದ್ದು ನಡೆದದ್ದನ್ನು ಅವರು ಕಣ್ಣಾರೆ ಕಂಡಿರುತ್ತಾರೆ, ಅಷ್ಟೇ.

ಇಂಥ ಔಷಧಿಗಳ ಜಾಹೀರಾತಿಗೆ ಕಾನೂನಿನ ತಡೆ ಇದೆ. 1954ರ ಮಾಂತ್ರಿಕ ಔಷಧಿ ಜಾಹೀರಾತು ಕಾಯ್ದೆಯ ಪಟ್ಟಿಯಲ್ಲಿ 54 ಕಾಯಿಲೆಗಳ ಹೆಸರಿವೆ. ಸಕ್ಕರೆ ಕಾಯಿಲೆ, ಮೂರ್ಛೆ ರೋಗ, ಲಕ್ವ, ಕುರುಡು, ಕಿವುಡು, ವಾತದ ಕೀಲುನೋವು ಎಲ್ಲ ಅದರಲ್ಲಿ ಬರುತ್ತವೆ. ಇವನ್ನು ವಾಸಿ ಮಾಡುತ್ತೇವೆ ಅಂತ ಜಾಹೀರಾತು ಕೊಡುವ ಹಾಗಿಲ್ಲ. ಆದರೆ ನೆಂಟರ ಬಾಯಲ್ಲಿ ಬರುವ ಮಾತಿಗೆ ಯಾವ ಕಾಯ್ದೆಯೂ ಇಲ್ಲ, ಇರಲೂ ಬಾರದು. ಅಲ್ಲಿ ಕೆಲಸಕ್ಕೆ ಬರುವುದು ತಿಳುವಳಿಕೆ ಒಂದೇ.

ಹೆಣ್ಣುಮಕ್ಕಳಿಗೆ ಸಿಗುವ ಇನ್ನೊಂದು ಸಲಹೆ: "ಒಂದು ಮಗು ಆಗಲಿ, ಎಲ್ಲ ಸರಿಹೋಗುತ್ತೆ." ಇದರಲ್ಲಿ ಒಂದು ಎಳೆ ನಿಜ ಇದೆ. ಬಸುರಿಯಾಗಿದ್ದಾಗ ಬಹಳ ಹೆಂಗಸರಿಗೆ ಆರ್‌ಎ ತಣ್ಣಗಾಗುತ್ತದೆ. ಅದನ್ನು ಗಮನಿಸಿ 1930ರ ದಶಕದಲ್ಲಿ ಬರೆದವರೂ ಇದೇ ಹೆಂಚ್. ಆ ಗಮನಿಕೆಯೇ ಅವರನ್ನು ಕಾರ್ಟಿಸೋನಿನ ತನಕ ಕರೆದುಕೊಂಡು ಹೋಯಿತು. ಆದರೆ ಹೆರಿಗೆಯಾದ ಕೆಲವು ವಾರಗಳಲ್ಲಿ, ತಿಂಗಳುಗಳಲ್ಲಿ ಬಹಳ ಜನಕ್ಕೆ ನೋವು ಮತ್ತೆ ಜೋರಾಗಿ ಬರುತ್ತದೆ, ಎಳೆಗೂಸನ್ನು ಎತ್ತಿಕೊಳ್ಳಬೇಕಾದ ಹೊತ್ತಿನಲ್ಲೇ. ಇನ್ನೊಂದು ಕಡೆ, ಮೆಥೋಟ್ರೆಕ್ಸೇಟ್ ಹೊಟ್ಟೆಯಲ್ಲಿರುವ ಮಗುವಿಗೆ ದೊಡ್ಡ ಅಪಾಯ. ಮಗು ಬೇಕು ಅನ್ನುವವರು ಡಾಕ್ಟರ ಹತ್ತಿರ ಮೊದಲೇ ಮಾತಾಡಿ ಮಾತ್ರೆ ಬದಲಿಸಿಕೊಂಡಿರಬೇಕು. ಊಟದ ಎಲೆಯ ಮುಂದೆ ಕೂತು ಸಲೀಸಾಗಿ ಹೇಳಿದ ಒಂದು ವಾಕ್ಯದ ಹಿಂದೆ ಇಷ್ಟೆಲ್ಲ ಇದೆ.

ಬೇರೆ ಕಾಯಿಲೆಗಳಲ್ಲಿ ಅಪಾಯ ಇನ್ನೂ ಬೇಗ ಬರುತ್ತದೆ. ಟೈಪ್ 1 ಸಕ್ಕರೆ ಕಾಯಿಲೆಯ ಮಕ್ಕಳಲ್ಲಿ ಮೇದೋಜೀರಕ ಗ್ರಂಥಿ ಇನ್ಸುಲಿನ್ ತಯಾರಿಸುವುದನ್ನೇ ನಿಲ್ಲಿಸಿರುತ್ತದೆ. ಮೆಂತ್ಯ, ಹಾಗಲಕಾಯಿ ರಸ, ಯಾವುದೂ ಅದನ್ನು ತುಂಬಿಕೊಡುವುದಿಲ್ಲ. 1922ರ ಜನವರಿಯಲ್ಲಿ ಟೊರಾಂಟೊದಲ್ಲಿ ಮೊದಲ ಸಲ ಒಬ್ಬ ಹುಡುಗನಿಗೆ ಇನ್ಸುಲಿನ್ ಕೊಡುವ ತನಕ ಈ ಕಾಯಿಲೆಯ ಮಕ್ಕಳು ಬದುಕುತ್ತಿರಲಿಲ್ಲ. ಇವತ್ತೂ ಇನ್ಸುಲಿನ್ ನಿಲ್ಲಿಸಿದರೆ ಕೆಲವೇ ದಿನಗಳಲ್ಲಿ, ಒಮ್ಮೊಮ್ಮೆ ಒಂದೇ ದಿನದಲ್ಲಿ ಮಗು ಐಸಿಯು ಸೇರುತ್ತದೆ. "ಪಾಪ, ಇಷ್ಟು ಚಿಕ್ಕ ಮಗುವಿಗೆ ದಿನಾ ಸೂಜಿ ಚುಚ್ಚುತ್ತೀರಲ್ಲ" ಅನ್ನುವವರಿಗೆ ಇದು ತಿಳಿದಿರಬೇಕು. ಫಿಟ್ಸ್ ಬಂದವರ ಕೈಗೆ ಕಬ್ಬಿಣದ ಕೀ ಕೊಡುವುದು, ಮೂಗಿಗೆ ಚಪ್ಪಲಿ ಹಿಡಿಯುವುದು ಇನ್ನೂ ನಿಂತಿಲ್ಲ. ಫಿಟ್ಸ್ ಹೆಚ್ಚಿನ ಸಲ ಎರಡು ಮೂರು ನಿಮಿಷದಲ್ಲಿ ತಾನಾಗಿಯೇ ನಿಲ್ಲುತ್ತದೆ, ಹೆಸರು ಕೀಗೆ ಹೋಗುತ್ತದೆ. ಮಾಡಬೇಕಾದ್ದು ಅವರನ್ನು ಒಂದು ಮಗ್ಗುಲಿಗೆ ಮಲಗಿಸುವುದು, ಬಾಯಿಗೆ ಏನೂ ಹಾಕದೆ ಹೊತ್ತು ನೋಡುವುದು, ಐದು ನಿಮಿಷ ದಾಟಿದರೆ ಆಸ್ಪತ್ರೆಗೆ ಒಯ್ಯುವುದು.

"ಸ್ವಲ್ಪ ಎಕ್ಸರ್‌ಸೈಜ್ ಮಾಡು, ಎಲ್ಲ ಸರಿಹೋಗುತ್ತೆ" ಅನ್ನುವುದು ಎಲ್ಲರಿಗೂ ಸಲ್ಲುವ ಮಾತಿನ ಹಾಗೆ ಕಾಣುತ್ತದೆ. ಆರ್‌ಎ ತಣ್ಣಗಿರುವಾಗ ವ್ಯಾಯಾಮ ಒಳ್ಳೆಯದೇ. ಊದಿದ ಕೀಲಿನ ಮೇಲೆ ಭಾರ ಹಾಕುವುದು ಒಳ್ಳೆಯದಲ್ಲ. ವರ್ಷಗಟ್ಟಲೆ ವಿಪರೀತ ಸುಸ್ತಿನಿಂದ ಮೇಲೇಳಲಾಗದ ಎಂಇ ಎಂಬ ಕಾಯಿಲೆಯಿದೆ. ಅದಕ್ಕೆ ಬ್ರಿಟನ್ನಿನಲ್ಲಿ ಡಾಕ್ಟರುಗಳೇ ಬಹಳ ಕಾಲ ಹಂತಹಂತವಾಗಿ ವ್ಯಾಯಾಮ ಹೆಚ್ಚಿಸಲು ಹೇಳುತ್ತಿದ್ದರು. ಅದರಿಂದ ಇನ್ನೂ ಕುಸಿಯುತ್ತಿದ್ದೇವೆ ಅಂತ ಕಾಯಿಲೆಯವರು ಹೇಳುತ್ತಲೇ ಬಂದರು. ಯಾವ ಕಾಯಿಲೆಗೆ ಯಾವ ಚಿಕಿತ್ಸೆ ಅಂತ ಅಲ್ಲಿನ ಡಾಕ್ಟರುಗಳಿಗೆ ಮಾರ್ಗಸೂಚಿ ಕೊಡುವ ನೈಸ್ ಸಂಸ್ಥೆ ಆ ಸಲಹೆಯನ್ನು ಕೈಬಿಟ್ಟದ್ದು 2021ರ ಅಕ್ಟೋಬರಿನಲ್ಲಿ. ಓದಿ ತಿಳಿದವರ ಸಲಹೆಯೂ ಕಾಯಿಲೆಯವರ ಮಾತು ಕೇಳದಿದ್ದರೆ ಎಡವುತ್ತದೆ.

ಇಷ್ಟು ಹೊತ್ತು ಮೈಗಾಗುವ ಹಾನಿ ಹೇಳಿದೆ. ನನಗೆ ಅದಕ್ಕಿಂತ ಹೆಚ್ಚಾಗಿ ಹೇಳಬೇಕಾದ್ದು ಇನ್ನೊಂದಿದೆ.

ಒಂದು ಗೃಹಪ್ರವೇಶದಲ್ಲಿ ಪರಿಚಯವೇ ಇಲ್ಲದ ಹಿರಿಯರೊಬ್ಬರು ನನ್ನ ಕೈ ಹಿಡಿದುಕೊಂಡು ಊದಿದ ಗೆಣ್ಣನ್ನು ಹೆಬ್ಬೆರಳಿನಿಂದ ಒತ್ತಿದರು. "ಏನಮ್ಮ ಇದು, ಇಷ್ಟು ಚಿಕ್ಕ ವಯಸ್ಸಿಗೆ?" ನೋವಿಗೆ ಕೈ ಎಳೆದುಕೊಳ್ಳುವುದು ಮರ್ಯಾದೆಯಲ್ಲ ಅಂತ ಸುಮ್ಮನೆ ನಿಂತಿದ್ದೆ. ಬೆಳಿಗ್ಗೆ ಬರಿ ಹೊಟ್ಟೆಯಲ್ಲಿ ಏನೇನು ಕುಡಿಯಬೇಕು ಅಂತ ಅವರು ಹೇಳಿದರು. ಅದನ್ನು ಕುಡಿದು ನೋಡಿದ್ದೇನೆ ಅಂದೆ. "ಎಷ್ಟು ದಿನ?" ಅಂದರು. ಹೇಳಿದೆ. "ಅದಕ್ಕೇ ಆಗಿಲ್ಲ ನೋಡು, ನಲವತ್ತೆಂಟು ದಿನ ಬಿಡದೆ ಕುಡೀಬೇಕು. ನಂಬಿಕೆ ಇಟ್ಟು ಕುಡೀಬೇಕು. ಮನಸ್ಸು ಮಾಡಿದ್ರೆ ಆಗದ್ದು ಏನಿದೆ?" ಅಂದರು. ಅವರು ಕೈ ಬಿಟ್ಟು ಪಂಕ್ತಿಗೆ ಹೋದ ಮೇಲೆ ನನಗೆ ಉಳಿದದ್ದು ಗೆಣ್ಣಿನ ನೋವಲ್ಲ, ಆ ಕೊನೆಯ ಮಾತು.

ಆ ಮಾತು ಏನು ಮಾಡುತ್ತದೆ ನೋಡಿ. ಅಲ್ಲಿಯ ತನಕ ಕಾಯಿಲೆ ನನಗೆ ಬಂದದ್ದು. ಆ ಮಾತಿನ ನಂತರ ಅದು ನಾನು ಬಿಡದೆ ಇಟ್ಟುಕೊಂಡದ್ದು. ಪ್ರತಿ ಸಲಹೆಯ ಅಡಿಯಲ್ಲೂ ಇದೊಂದು ಮಾತು ಅಡಗಿರುತ್ತದೆ: ವಾಸಿಯಾಗಲು ದಾರಿ ಇದೆ, ನೀನು ಹಿಡಿದಿಲ್ಲ. ಸಲಹೆ ಫಲಿಸದಿದ್ದರೆ ತಪ್ಪು ಸಲಹೆಯದಾಗುವುದಿಲ್ಲ, ಪಥ್ಯ ಸರಿಯಾಗಿ ಮಾಡದವರದಾಗುತ್ತದೆ. ಹಾಸಿಗೆ ಬಿಟ್ಟೇಳಲು ಒಂದು ಗಂಟೆ ಹೆಣಗಿದವರ ತಲೆಯ ಮೇಲೆ ಇದನ್ನೂ ಹೊರಿಸಿದ ಹಾಗಾಗುತ್ತದೆ. ಗಾಲಿಕುರ್ಚಿಯಲ್ಲಿ ಕೂತವರಿಗೆ "ವಿಲ್ ಪವರ್ ಇದ್ರೆ ನಡೀಬಹುದು" ಅನ್ನುವುದು, ಕಣ್ಣು ಕಾಣದವರಿಗೆ ಯಾವ ದೇವಸ್ಥಾನಕ್ಕೆ ಹೋಗಬೇಕು ಅಂತ ಹೇಳುವುದು, ಹಿಂದಿನ ಜನ್ಮದ ಕರ್ಮ ಅನ್ನುವುದು, ಎಲ್ಲ ಇದೇ ಮಾತು.

ಜನ ಕೆಟ್ಟವರಾಗಿ ಹೀಗೆ ಮಾಡುವುದಿಲ್ಲ. 1966ರಲ್ಲಿ ಅಮೆರಿಕದಲ್ಲಿ ಮೆಲ್ವಿನ್ ಲರ್ನರ್ ಮತ್ತು ಕ್ಯಾರೊಲಿನ್ ಸಿಮ್ಮನ್ಸ್ ಎಂಬ ಮನಶ್ಶಾಸ್ತ್ರಜ್ಞರು ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ಒಬ್ಬಾಕೆಗೆ ಕರೆಂಟಿನ ಶಾಕ್ ಕೊಡುತ್ತಿರುವುದನ್ನು ಕೆಲವರು ನೋಡಬೇಕಿತ್ತು. ನಿಜವಾಗಿ ಶಾಕ್ ಕೊಡುತ್ತಿರಲಿಲ್ಲ, ನೋಡುವವರಿಗೆ ಅದು ಗೊತ್ತಿರಲಿಲ್ಲ. ಆಕೆಯ ಸಂಕಟ ಮುಂದುವರಿಯುತ್ತದೆ, ತಾವೇನೂ ಮಾಡಲಾಗದು ಅಂತ ಗೊತ್ತಾದಾಗ ಅವರು ಆಕೆಯ ಬಗ್ಗೆಯೇ ಕೀಳಾಗಿ ಎಣಿಸತೊಡಗಿದರು. ಪ್ರಪಂಚದಲ್ಲಿ ಎಲ್ಲ ನ್ಯಾಯವಾಗಿ ನಡೆಯುತ್ತದೆ ಅಂತ ನಂಬಿಕೊಂಡಿರಲು ಮನಸ್ಸು ಹಾಗೆ ಮಾಡುತ್ತದೆ ಎಂದು ಲರ್ನರ್ ವಿವರಿಸಿದರು. ತಪ್ಪೇ ಮಾಡದವರಿಗೆ ಇಂಥದ್ದು ಬರುತ್ತದೆ ಅಂದರೆ ನಾಳೆ ನನಗೂ ಬರಬಹುದು. ಆ ಭಯವನ್ನು ಹೊತ್ತುಕೊಂಡಿರುವುದು ಕಷ್ಟ. ಬದನೆಕಾಯಿ ತಿಂದದ್ದಕ್ಕೆ ಬಂತು, ತಣ್ಣೀರಿನಲ್ಲಿ ಪಾತ್ರೆ ತೊಳೆದದ್ದಕ್ಕೆ ಬಂತು ಅಂದುಕೊಂಡರೆ ಮನಸ್ಸಿಗೆ ನೆಮ್ಮದಿ.

ಇನ್ನೊಂದು ಕಾರಣವನ್ನೂ ಒಪ್ಪಿಕೊಳ್ಳಬೇಕು. ಡಾಕ್ಟರ ಹತ್ತಿರ ನಮಗೆ ಸಿಗುವ ಹೊತ್ತು ತೀರಾ ಕಡಿಮೆ. 67 ದೇಶಗಳ ಲೆಕ್ಕ ಹಾಕಿ 2017ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ ಸ್ವೀಡನ್ನಿನಲ್ಲಿ ಒಬ್ಬ ರೋಗಿಗೆ ಸರಾಸರಿ 22 ನಿಮಿಷ ಸಿಗುತ್ತದೆ, ಬಾಂಗ್ಲಾದೇಶದಲ್ಲಿ 48 ಸೆಕೆಂಡು, ಭಾರತದಲ್ಲಿ ಎರಡು ನಿಮಿಷದ ಮೇಲೆ ಸ್ವಲ್ಪ. ಕೀಲುರೋಗದ ತಜ್ಞರು ದೊಡ್ಡ ಊರುಗಳಲ್ಲೇ ಇದ್ದಾರೆ. ಎರಡು ನಿಮಿಷದಲ್ಲಿ ಯಾರೂ ನಮಗೆ ಕಾಯಿಲೆ ಬಿಡಿಸಿ ಹೇಳುವುದಿಲ್ಲ. ಪಕ್ಕದ ಮನೆಯವರು ಒಂದು ಗಂಟೆ ಕೂತು ಕಾಫಿ ಕುಡಿಯುತ್ತಾ ಕೇಳುತ್ತಾರೆ, ಮಾತಾಡುತ್ತಾರೆ. ಆ ಕೂತು ಕೇಳುವ ಪ್ರೀತಿ ನಮಗೆ ಬೇಕು. ಅದಕ್ಕೇ ಸಲಹೆಗೆ ಎದುರು ಹೇಳುವುದು ಇಷ್ಟು ಕಷ್ಟ.

ಹಾಗಾದರೆ ಎಲ್ಲ ಸಲಹೆಯೂ ಕೆಟ್ಟದ್ದೇ? ಅಲ್ಲ. ದಕ್ಷಿಣ ಕರ್ನಾಟಕದಲ್ಲಿ ಒಂದು ವಿಶೇಷವಾದ ಫಿಟ್ಸ್ ಇದೆ. ತಲೆಗೆ ಬಿಸಿನೀರು ಹುಯ್ದುಕೊಳ್ಳುವಾಗ ಬರುತ್ತದೆ. ಬೆಂಗಳೂರಿನ ನರರೋಗ ತಜ್ಞ ಡಾ. ಕೆ. ಎಸ್. ಮಣಿ 1960ರ ದಶಕದಲ್ಲೇ ಇದರ ಬಗ್ಗೆ ಬರೆದರು, ಮುಂದೆ ನಿಮ್ಹಾನ್ಸ್‌ನಲ್ಲಿ ಇದರ ಮೇಲೆ ತುಂಬಾ ಅಧ್ಯಯನ ನಡೆಯಿತು. ಮೈಸೂರು, ಮಂಡ್ಯ ಕಡೆ ಇದು ಹೆಚ್ಚಾಗಿ ಕಂಡಿದೆ. ಇಲ್ಲಿ ಕೊಡುವ ಮೊದಲ ಸಲಹೆ ತೀರಾ ಸರಳ: ಉಗುರುಬೆಚ್ಚಗಿನ ನೀರು ಸಾಕು, ತಲೆಯ ಮೇಲೆ ಚೊಂಬು ಚೊಂಬಾಗಿ ಸುರಿಯಬೇಡಿ. ಇದಕ್ಕೂ "ಈರುಳ್ಳಿ ಮೂಸಿಸಿ" ಅನ್ನುವುದಕ್ಕೂ ಇರುವ ವ್ಯತ್ಯಾಸ, ಇಲ್ಲಿ ಮೊದಲು ಕೇಳಿದ್ದಾರೆ. ಯಾವಾಗ ಬರುತ್ತದೆ, ಸ್ನಾನ ಹೇಗೆ ಮಾಡುತ್ತೀರಿ, ನೀರು ಎಷ್ಟು ಬಿಸಿ. ಉತ್ತರ ಕೇಳಿಸಿಕೊಂಡ ಮೇಲೆ ಸಲಹೆ ಬಂದಿದೆ.

ಅದೇ ಕಾಯಿಲೆ ಇರುವವರು ಒಬ್ಬರಿಗೊಬ್ಬರು ಹೇಳುವ ಮಾತುಗಳೂ ಬೇರೆ ತರಹ. ನನಗೆ ನಿಜವಾಗಿ ಉಪಯೋಗವಾದದ್ದು ಇನ್ನೊಬ್ಬ ಆರ್‌ಎ ಇರುವ ಅಕ್ಕ ಹೇಳಿದ್ದು. ಚಾಕು, ಸೌಟಿನ ಹಿಡಿಗೆ ಬಟ್ಟೆ ಸುತ್ತಿ ದಪ್ಪ ಮಾಡಿಕೊಳ್ಳುವುದು. ತರಕಾರಿ ಹೆಚ್ಚುವುದನ್ನು ಬೆಳಿಗ್ಗೆಗೆ ಬಿಡದೆ ಸಂಜೆಯೇ ಮುಗಿಸುವುದು. ಬಟ್ಟೆ ಹಿಂಡುವ ಬದಲು ನಲ್ಲಿಗೆ ಜೋತು ಹಾಕಿ ನೀರು ಇಳಿಸುವುದು. ಅವರು ನನ್ನನ್ನು ವಾಸಿ ಮಾಡಲು ಹೊರಟಿರಲಿಲ್ಲ. ಕಾಯಿಲೆ ಇದ್ದುಕೊಂಡೇ ಮಂಗಳವಾರದ ಅಡುಗೆ ಹೇಗೆ ಮಾಡುವುದು ಅಂತ ಹೇಳಿಕೊಟ್ಟರು. 1959ರಲ್ಲಿ ಬೆಂಗಳೂರಿನಲ್ಲಿ ಅಂಗವಿಕಲರಿಗಾಗಿ ಎಪಿಡಿ ಸಂಸ್ಥೆ ಕಟ್ಟಿದ ಎನ್. ಎಸ್. ಹೇಮಾ ಅವರು ಸ್ವತಃ ಗಾಲಿಕುರ್ಚಿ ಬಳಸುತ್ತಿದ್ದವರು. ಅನುಭವಿಸಿದವರು ಮುಂದೆ ನಿಂತಾಗ ಗಮನ ಹೋಗುವುದು ಶಾಲೆ, ಕೆಲಸ, ರ‍್ಯಾಂಪು, ಊರುಗೋಲುಗಳ ಕಡೆಗೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯೂ ಹಾಗೇ. ಅದು 21 ಬಗೆಯ ವೈಕಲ್ಯಗಳನ್ನು ಹೆಸರಿಸುತ್ತದೆ, ಮಲ್ಟಿಪಲ್ ಸ್ಕ್ಲೆರೋಸಿಸ್, ಹಿಮೋಫಿಲಿಯಾ, ತಲಸೇಮಿಯಾದಂಥ ಹೊರಗೆ ಕಾಣದವೂ ಅದರಲ್ಲಿವೆ. ಕೆಲಸದ ಜಾಗದಲ್ಲಿ, ಶಾಲೆಯಲ್ಲಿ ಅವರಿಗೆ ಬೇಕಾದ ಅನುಕೂಲ ಮಾಡಿಕೊಡಬೇಕು ಅನ್ನುತ್ತದೆ. ಮೊದಲು ವಾಸಿಯಾಗಿ ಬನ್ನಿ ಅನ್ನುವುದಿಲ್ಲ.

ನಿಮಗೆ ಹತ್ತಿರದವರಿಗೆ ಇಂಥ ಕಾಯಿಲೆ ಇದ್ದರೆ, ಹೇಳಲೇಬೇಕು ಅನ್ನಿಸುವುದು ಸಹಜ. ಹೇಳುವ ಮುಂಚೆ "ಇದರ ಬಗ್ಗೆ ಒಂದು ವಿಷಯ ಓದಿದೆ, ಹೇಳಲಾ?" ಅಂತ ಕೇಳಿ. ಬೇಡ ಅಂದರೆ ಬಿಟ್ಟುಬಿಡಿ, ಬೇಜಾರು ಮಾಡಿಕೊಳ್ಳಬೇಡಿ. ಅವರು ಮೊದಲೇ ಕೇಳಿರುತ್ತಾರೆ. ಅದಕ್ಕಿಂತ "ರಕ್ತ ಪರೀಕ್ಷೆಗೆ ಯಾವಾಗ ಹೋಗ್ತೀಯ, ನಾನು ಸ್ಕೂಟರಲ್ಲಿ ಬಿಡ್ತೀನಿ" ಅನ್ನುವುದು ಎಷ್ಟೋ ಮೇಲು. ಬಾಗಿಲ ಹತ್ತಿರದ ಕುರ್ಚಿ ಬಿಟ್ಟುಕೊಡುವುದು, ಕಾರ್ಯಕ್ರಮಕ್ಕೆ ಮೆಟ್ಟಿಲಿಲ್ಲದ ಹಾಲ್ ಹಿಡಿಯುವುದು, ನೀರಿನ ಬಾಟಲಿಯ ಮುಚ್ಚಳ ತೆಗೆದು ಕೊಡುವುದು, ಇಷ್ಟು ಸಾಕು. ಯಾವ ಕಾರಣಕ್ಕೂ ನಡೆಯುತ್ತಿರುವ ಔಷಧಿ ನಿಲ್ಲಿಸು ಅಂತ ಮಾತ್ರ ಹೇಳಬೇಡಿ.

ಕಾಯಿಲೆ ಇರುವವರಿಗೂ ಒಂದು ಮಾತು. ಹಿರಿಯರ ಜೊತೆ ವಾದ ಮಾಡಿ ಗೆಲ್ಲಲಾಗದು, ಗೆಲ್ಲಬೇಕಾಗಿಯೂ ಇಲ್ಲ. "ಡಾಕ್ಟರನ್ನ ಕೇಳಿ ನೋಡ್ತೀನಿ ದೊಡ್ಡಮ್ಮ" ಅಂದರೆ ಅವರ ಮನಸ್ಸೂ ಉಳಿಯುತ್ತದೆ, ನಿಮ್ಮ ಮಾತ್ರೆಯೂ ಉಳಿಯುತ್ತದೆ. ಒತ್ತಾಯಕ್ಕೋ ನೋವು ತಡೆಯಲಾಗದೆಯೋ ಯಾವುದಾದರೂ ಪುಡಿ, ಕಷಾಯ ತೆಗೆದುಕೊಂಡಿದ್ದರೆ ನಾಚಿಕೆ ಪಟ್ಟು ಡಾಕ್ಟರಿಂದ ಮುಚ್ಚಿಡಬೇಡಿ. ಬಹಳ ಜನ ಬೈಸಿಕೊಳ್ಳುವ ಹೆದರಿಕೆಗೆ ಮುಚ್ಚಿಡುತ್ತಾರೆ, ಲಿವರ್ ಪರೀಕ್ಷೆಯಲ್ಲಿ ಏರುಪೇರಾದಾಗ ಡಾಕ್ಟರಿಗೆ ಕಾರಣವೇ ಸಿಗುವುದಿಲ್ಲ. ಪೊಟ್ಟಣವನ್ನೇ ತೆಗೆದುಕೊಂಡು ಹೋಗಿ ತೋರಿಸಿ. ಆ ಪುಡಿಯನ್ನು ವಾರಗಟ್ಟಲೆ ತಿಂದಿದ್ದರೆ, ಅದರಿಂದ ನೋವು ಪೂರ್ತಿ ಮಾಯವಾಗಿದ್ದರೆ, ಮುಖ ದುಂಡಗಾಗುತ್ತಿದ್ದರೆ, ಹೆದರಿ ಒಂದೇ ಸಲ ನಿಲ್ಲಿಸಲೂ ಬೇಡಿ. ಹೊರಗಿನಿಂದ ಸ್ಟೀರಾಯ್ಡ್ ಬರುತ್ತಿದ್ದಾಗ ದೇಹ ತನ್ನದನ್ನು ತಯಾರಿಸುವುದನ್ನು ಕಡಿಮೆ ಮಾಡಿರುತ್ತದೆ. ತಟ್ಟನೆ ನಿಲ್ಲಿಸಿದರೆ ವಿಪರೀತ ಸುಸ್ತು, ವಾಂತಿ ಬಂದು ಬಿಪಿ ಕುಸಿಯಬಹುದು, ಜೀವಕ್ಕೂ ಅಪಾಯ. ಅವತ್ತೇ ಡಾಕ್ಟರ ಹತ್ತಿರ ಹೋಗಿ, ಅವರು ಹೇಳಿದ ಹಾಗೆ ನಿಧಾನವಾಗಿ ಇಳಿಸಿಕೊಳ್ಳಿ.